ವೈಂಡಿಂಗ್ ಅಂಗಡಿಯ ಅಕ್ಕ

ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಿಂದ ಫೋನು ಬಂತು. ಆ ಕಡೆ ವೈಂಡಿಂಗ್ ಅಂಗಡಿಯ ಯಜಮಾನರು. ಮೊದಲು ನನ್ನ ಮೊಣಕಾಲು ನೋವಿನ ಬಗ್ಗೆ ಕೇಳಿದರು. ದಾವಣಗೆರೆಯಲ್ಲಿ ಮಳೆ ಆಯಿತೇ ಎಂದು ಕೇಳಿದರು. ಆಮೇಲೆ, "ಇಕಿ ಹೋದ್ಳು, ಟೀಚರ್" ಎಂದರು.

ಇಕಿ ಎಂದರೆ ಅವರ ಹೆಂಡತಿ, ನಮ್ಮ ಅಕ್ಕ. ಕೂಡ್ಲಿಗಿಯಲ್ಲಿ ಒಂದು ಮದುವೆ. ಊಟ ಮುಗಿಸಿ, ಗೋಧಿ ಹುಗ್ಗಿಗೆ ಬೆಲ್ಲ ಕಡಿಮೆಯಾಗಿದೆ ಎಂದು ಅಡುಗೆಯವರಿಗೆ ಹೇಳಿ ಬಂದು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟಿದ್ದರು. ಹೃದಯ ನಿಂತಿತ್ತು. "ಆ ಬ್ಯಾನಿಯಿಂದ ಅಲ್ರಿ ಮತ್ತ" ಎಂದು ಯಜಮಾನರು ಎರಡು ಸಲ ಹೇಳಿದರು. ಹಳೆಯ ಕಾಯಿಲೆಯೇ ಮರುಕಳಿಸಿತೆಂದು ನಾನು ತಪ್ಪು ತಿಳಿಯಬಾರದು ಎಂಬ ಕಾಳಜಿ ಆ ದುಃಖದಲ್ಲೂ ಅವರಿಗಿತ್ತು.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ಕಾಗದ ಬಿಟ್ಟರೆ ಆ ಹೆಸರನ್ನು ಯಾರೂ ಬಳಸಿದ್ದನ್ನು ನಾನು ಕಂಡಿಲ್ಲ. ಓಣಿಯವರಿಗೆ, ಮೋಟರ್ ತರುವ ರೈತರಿಗೆ, ನನಗೆ, ಎಲ್ಲರಿಗೂ ಅವರು ಅಕ್ಕ. ಯಜಮಾನರಿಗೆ 'ಇಕಿ'.

ತೊಂಬತ್ತರ ದಶಕದ ನಡುವೆ ನಾನು ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದೆ. ಕೊಟ್ಟೂರು ರಸ್ತೆಯಲ್ಲಿ, ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿಯೊಂದರ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮುಂದೆ ಅಂಗಡಿ, ನಡುವೆ ಅವರ ಮನೆ, ಹಿಂದೆ ನನ್ನ ಕೋಣೆ. ಮೂರಕ್ಕೂ ಒಂದೇ ವಾರ್ನಿಷ್ ವಾಸನೆ. ಮೊದಲ ವಾರ ನನಗೆ ತಲೆನೋವು ಬಂತು. ಆಮೇಲೆ ರಜೆಗೆ ಊರಿಗೆ ಹೋದಾಗ ಆ ವಾಸನೆ ಇಲ್ಲದೆ ನಿದ್ದೆ ಬರಲಿಲ್ಲ.

ಅಕ್ಕ ಗಿಡ್ಡ ಆಳು. ಅಗಲ ಹಣೆ, ಅದರ ತುಂಬ ವಿಭೂತಿ. ಹಂಪಸಾಗರದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದರು. ನಾನು ಟ್ರಂಕು ಇಳಿಸಿದ ಸಂಜೆಯೇ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ಬಂದು ಬಾಗಿಲಲ್ಲಿ ಕೂತರು.

"ನೀವು ಸೈನ್ಸ್ ಟೀಚರ್ ಅಂತಲ್ರಿ?"

"ಹೌದ್ರಿ."

"ಅಲ್ರೀ ಟೀಚರ್, ಹೀರಿಕಾಯಿ ಬಳ್ಳಿಗೆ ಕಣ್ಣಿಲ್ಲ. ಆಸರಿ ಎಲ್ಲೈತಿ ಅಂತ ಅದಕ್ಕ ಹೆಂಗ ಗೊತ್ತಾಗ್ತೈತಿ?"

ನನಗೆ ತಿಳಿದಷ್ಟು ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅದು ಮುಟ್ಟಿದ ಮ್ಯಾಲಿನ ಮಾತಾತು. ಮುಟ್ಟೂಕಿಂತ ಮೊದ್ಲು?" ಎಂದರು. ನನ್ನ ಬಿ.ಎಡ್. ಮುಗಿದು ಎಂಟು ವರ್ಷವಾಗಿತ್ತು. ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ಮೂಲೆಗೆ ತಳ್ಳಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಅದರಿಂದ ಅವರಿಗೆ ನನ್ನ ಮೇಲೆ ಗೌರವ ಹೆಚ್ಚಾಯಿತು ಎಂದು ಕಾಣುತ್ತದೆ. "ಗೊತ್ತಿಲ್ಲ ಅಂದ್ರಲ್ಲ, ಚಲೋ ಆತು" ಎಂದು ಖಾಲಿ ತಟ್ಟೆ ಎತ್ತಿಕೊಂಡು ಹೋದರು.

ಅಂಗಡಿಯ ಅರ್ಧ ಕೆಲಸ ಅವರದೇ. ತಾಮ್ರದ ತಂತಿಯನ್ನು ಕೈಯಂತ್ರದಲ್ಲಿ ಸುತ್ತಿ ಸುರುಳಿ ಮಾಡುವುದು, ಆ ಸುರುಳಿಗಳನ್ನು ಮೋಟರಿನ ಸಂದುಗಳಲ್ಲಿ ಕೂರಿಸಿ ಬಿದಿರಿನ ಕಡ್ಡಿ ಬಡಿಯುವುದು. ಯಜಮಾನರಿಗೆ ಮಾತು ಕಡಿಮೆ. ರೈತರು ಸುಟ್ಟ ಮೋಟರನ್ನು ಗಾಡಿಯಿಂದ ಇಳಿಸುತ್ತಿದ್ದ ಹಾಗೆ ಅಕ್ಕ ಬಗ್ಗಿ ಮೂಸಿ ನೋಡುತ್ತಿದ್ದರು. "ಇದು ನೀರಿಲ್ದ ಓಡೈತಿ. ಬಾವ್ಯಾಗ ನೀರು ಎಷ್ಟೈತಿ ನೋಡ್ದ ಸ್ವಿಚ್ ಹಾಕಿ ಮಲಗಿದ್ಯೇನಪ?" ಎಂದರೆ ರೈತ ತಲೆ ಕೆರೆದುಕೊಳ್ಳುತ್ತಿದ್ದ. ಯಜಮಾನರು ಬಿಚ್ಚಿ ನೋಡಿ ಹೌದೆಂದು ತಲೆ ಆಡಿಸುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ನಾನು ಬಂದ ಮರುವರ್ಷ ದಸರಾ ಕಳೆದ ಮೇಲೆ ಅಕ್ಕನಿಗೆ ಜ್ವರ, ಭೇದಿ. ನಾಲ್ಕು ದಿನದಲ್ಲಿ ವಾಸಿಯಾಯಿತು. ವಾರ ಕಳೆದಿರಬೇಕು, ಒಂದು ಮುಂಜಾನೆ ನಾನು ಶಾಲೆಗೆ ಹೊರಟಾಗ ಹೊಸ್ತಿಲಲ್ಲಿ ಕೂತು ತಮ್ಮ ಕಾಲುಗಳನ್ನೇ ನೋಡುತ್ತಿದ್ದರು.

"ಟೀಚರ್, ಅಂಗಾಲಿನಾಗ ಇರುವಿ ಹರದಾಡಿದಂಗ ಆಗಾಕತ್ತೈತಿ. ನೋಡಿದ್ರ ಒಂದ ಇರುವಿನೂ ಇಲ್ಲ."

ಆಯಾಸ ಇರಬಹುದು ಎಂದೆ. ಮರುದಿನ ಕೂತವರಿಗೆ ಏಳಲು ಆಗಲಿಲ್ಲ. ಮೂರನೆಯ ದಿನ ಕುಡಿದ ನೀರು ಮೂಗಿನಲ್ಲಿ ಬಂತು. ಊರಿನ ಡಾಕ್ಟರು ಬಂದು ಸಣ್ಣ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿದರು. ಕಾಲು ಮಿಸುಕಲಿಲ್ಲ. ಇನ್ನೊಂದಕ್ಕೆ ತಟ್ಟಿದರು. ಅದೂ ಇಲ್ಲ. ಅವರ ಮುಖ ಬದಲಾಯಿತು. "ಈಗಿಂದೀಗ ದಾವಣಗೇರಿಗೆ ಕರ್ಕೊಂಡು ಹೋಗ್ರಿ. ಊಟಕ್ಕೂ ನಿಂದ್ರಬ್ಯಾಡ್ರಿ" ಎಂದರು. ಅಕ್ಕ ಮೂಗಿನ ದನಿಯಲ್ಲಿ, "ಡಾಕ್ಟರ್ರ, ಅಲ್ಲಿ ಬಡದ್ರ ಏನಾಗಬೇಕಿತ್ರಿ?" ಎಂದು ಕೇಳಿದರು. ಡಾಕ್ಟರು ಚೀಟಿ ಬರೆಯುತ್ತಿದ್ದರು.

ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಯಜಮಾನರು ಅವರ ಕಾಲು ಹಿಡಿದು ಕೆಳಗೆ ಕೂತಿದ್ದರು. ಕೊಟ್ಟೂರು ದಾಟುವಾಗ ಅಕ್ಕ, "ಸೊಂಟ ದಾಟಿ ಮ್ಯಾಲ ಬಂತು" ಎಂದರು. ಹರಪನಹಳ್ಳಿಯ ಹತ್ತಿರ, "ಈಗ ಬಲಗೈ" ಎಂದರು. ಹೊಳೆಯ ನೀರು ಮೆಟ್ಟಿಲೇರುವುದನ್ನು ದಡದಲ್ಲಿ ನಿಂತು ನೋಡಿ ಹೇಳುವವರ ಹಾಗೆ ಹೇಳುತ್ತಿದ್ದರು. ನನಗೆ ಅವರ ದನಿಯೇ ಹೆದರಿಕೆ ಹುಟ್ಟಿಸಿತು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಟೀಚರ್, ಇದು ಎಲ್ಲೀತನಕ ಬರ್ತೈತಿ?" ಅದಾದ ಮೇಲೆ ದಾವಣಗೆರೆ ಬರುವವರೆಗೂ ಅವರು ಮಾತಾಡಲಿಲ್ಲ. ಮಾತಾಡಲು ಆಗುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರಾಟದ ಸ್ನಾಯುಗಳೂ ಕೈ ಕೊಡುತ್ತಿದ್ದವು. ಉಸಿರಾಡಿಸುವ ಯಂತ್ರ ಬೇರೊಬ್ಬ ರೋಗಿಗೆ ಹಾಕಿತ್ತು, ಸಂಜೆಗೆ ಬಿಡುವಾಗುತ್ತದೆ ಎಂದರು. ಅಲ್ಲಿಯವರೆಗೆ ಗಂಟಲಿಗೆ ಕೊಳವೆ ಇಳಿಸಿ, ಅದಕ್ಕೆ ಒಂದು ರಬ್ಬರಿನ ಚೀಲ ಜೋಡಿಸಿ, ಯಜಮಾನರ ಕೈಗೆ ಕೊಟ್ಟರು. ಒತ್ತಿದರೆ ಗಾಳಿ ಒಳಗೆ, ಬಿಟ್ಟರೆ ಹೊರಗೆ. ಮಧ್ಯಾಹ್ನದಿಂದ ಸಂಜೆಯವರೆಗೆ ಆ ಮನುಷ್ಯ ಹೆಂಡತಿಯ ಉಸಿರನ್ನು ಕೈಯಿಂದ ಒತ್ತಿದರು. ನಾನು ನಡುವೆ ಸ್ವಲ್ಪ ಹೊತ್ತು ತೆಗೆದುಕೊಂಡೆ. ನೂರು ಎಣಿಸುವುದರೊಳಗೆ ಬೆರಳು ಜೋಮು ಹಿಡಿದವು. ಅವರು ಮೂತ್ರಕ್ಕೆ ಹೋಗಿ ಓಡಿ ಬಂದು ಮತ್ತೆ ಚೀಲ ಹಿಡಿದರು.

ಆ ಸಂಜೆಯ ಬಗ್ಗೆ ಅಕ್ಕ ತಮ್ಮ ಪಾಲಿನ ಕಥೆ ಹೇಳಿದ್ದು ಬಹಳ ತಿಂಗಳ ಮೇಲೆ. ನಾವೆಲ್ಲ ಅವರಿಗೆ ಎಚ್ಚರವಿಲ್ಲ ಎಂದುಕೊಂಡಿದ್ದೆವು. ಎಲ್ಲವೂ ಕೇಳುತ್ತಿತ್ತಂತೆ. "ಡಾಕ್ಟರ್ ಬಂದಾಗ ಇವರು ಗಾಬರಿಬಿದ್ದು ಗಡಬಡ ಒತ್ತೋರು. ಡಾಕ್ಟರ್ ಹೋದ್ರ ಚಲೋ ಒತ್ತೋರು. ಡಾಕ್ಟರ್ ಬರದಿದ್ರ ಸಾಕಪ ಅಂತ ನಾ ಒಳಗ ಬೇಡ್ಕೋತಿದ್ದೆ" ಎಂದು ನಕ್ಕರು. ಯಜಮಾನರು ಎದ್ದು ಅಂಗಡಿಗೆ ಹೋದರು. ಅವರಿಗೆ ಆ ಮಾತಿಗೆ ನಗಲು ಯಾವತ್ತೂ ಆಗಲಿಲ್ಲ.

ಎರಡನೆಯ ದಿನ ದೊಡ್ಡ ಡಾಕ್ಟರು ಯಜಮಾನರನ್ನು ಕೂರಿಸಿ ಕಾಯಿಲೆ ವಿವರಿಸಿದರು. ದೇಹವೇ ತನ್ನ ನರಗಳ ಮೇಲಿನ ಕವಚವನ್ನು ತಿಂದುಹಾಕುವ ಕಾಯಿಲೆ. ಯಜಮಾನರ ಕೆಲಸ ಏನೆಂದು ಕೇಳಿ, ಅವರದೇ ಭಾಷೆಯಲ್ಲಿ ಹೇಳಿದರು. ತಂತಿಯ ಮೇಲಿನ ಕೋಟಿಂಗ್ ಹೋದಂತೆ.

"ತಂತಿ ಸುಟ್ಟಿಲ್ಲಲ್ರಿ?" ಎಂದರು ಯಜಮಾನರು.

"ಕೆಲವು ಕಡೆ ಸುಟ್ಟಿರಬಹುದು. ಬಹಳ ಕಡೆ ಕೋಟಿಂಗ್ ಅಷ್ಟೇ."

"ಹಂಗಾದ್ರ ಮತ್ತ ಸುತ್ತಾಕ ಬರ್ತೈತ್ರಿ?"

"ಅದು ತಾನೇ ಸುತ್ತಿಕೊಳ್ಳಬೇಕು. ಉಗುರು ಬೆಳೆದ ಹಾಗೆ, ಬಲು ನಿಧಾನ. ಅಲ್ಲಿಯವರೆಗೆ ಅವರನ್ನು ಉಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ."

ಯಂತ್ರದ ಮೇಲೆ ಅವರಿದ್ದಷ್ಟು ದಿನ ಅವರಲ್ಲಿ ಅಲುಗಾಡುತ್ತಿದ್ದುದು ಕಣ್ಣಿನ ರೆಪ್ಪೆ ಮಾತ್ರ. ಶನಿವಾರ ಶಾಲೆ ಮುಗಿಸಿ ಹೋಗುವಾಗ ನಾನು ಒಂದು ರಟ್ಟಿನ ಮೇಲೆ ವರ್ಣಮಾಲೆಯನ್ನು ಸಾಲುಸಾಲಾಗಿ ಬರೆದು ಒಯ್ದೆ. ಸಾಲನ್ನು ಬೆರಳಿಂದ ತೋರಿಸುವುದು, ಸರಿಯಾದ ಸಾಲಿಗೆ ಅವರು ಕಣ್ಣು ಮುಚ್ಚುವುದು, ಆಮೇಲೆ ಅದೇ ಸಾಲಿನ ಅಕ್ಷರಗಳು, ಕೊನೆಗೆ ಗುಣಿತ. ಹಂಪಸಾಗರದಿಂದ ಅಕ್ಕನ ತಂಗಿ ಬಂದಿದ್ದಳು. ನಾವು ಮೂವರೂ ಮಂಚದ ಸುತ್ತ ಉಸಿರು ಬಿಗಿಹಿಡಿದು ನಿಂತೆವು. ಇಷ್ಟು ದಿನದ ಮೇಲೆ ಮೊದಲ ಮಾತು. ತಂಗಿ ಆಗಲೇ ಸೆರಗನ್ನು ಬಾಯಿಗೆ ಇಟ್ಟುಕೊಂಡಿದ್ದಳು. 'ಮ' ಬಂತು. 'ಮೂ' ಆಯಿತು. ಆಮೇಲೆ 'ಗ'. 'ಗು'.

ಮೂಗು.

ಮೂಗಿನ ತುದಿಯಲ್ಲಿ ಒಂದು ನೊಣ ಕೂತಿತ್ತು. ಎಷ್ಟು ಹೊತ್ತಿನಿಂದ ಕೂತಿತ್ತೋ. ಯಜಮಾನರು ಅದನ್ನು ಓಡಿಸಿ, ಬೆರಳಿನಿಂದ ಮೂಗಿನ ತುದಿಯನ್ನು ಮೆಲ್ಲಗೆ ತುರಿಸಿದರು. ಅಕ್ಕ ಕಣ್ಣು ಮುಚ್ಚಿ, ಬಹಳ ಹೊತ್ತು ತೆರೆಯಲಿಲ್ಲ. ಅದು ಎಂಥ ಸುಖ ಎಂದು ಆ ಮುಚ್ಚಿದ ಕಣ್ಣಲ್ಲೇ ಕಾಣುತ್ತಿತ್ತು.

ಎರಡನೆಯ ಮಾತಿಗೆ ಅರ್ಧ ಗಂಟೆ ಹಿಡಿಯಿತು. ಅದು ಡಾಕ್ಟರಿಗೆ ಕೇಳಿದ ಪ್ರಶ್ನೆ: 'ಅಲುಗದ ಕಾಲು ಯಾಕೆ ನೋಯುತ್ತದೆ?' ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ನಾನು ಬರೆದುಕೊಂಡಿದ್ದ ಚೀಟಿ ಓದಿ, ಸ್ಟೂಲು ಎಳೆದುಕೊಂಡು ಕೂತರು. ಕೆಲಸ ಹೇಳುವ ನರಗಳು ಬೇರೆ, ಸುದ್ದಿ ತರುವ ನರಗಳು ಬೇರೆ ಎಂದು ಅವರ ಮುಖ ನೋಡಿಕೊಂಡೇ ವಿವರಿಸಿದರು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಎಲ್ಲರೂ ಅಕ್ಕನ ಬಗ್ಗೆ ಮಾತಾಡುತ್ತಿದ್ದರು. ಅವತ್ತಿನಿಂದ ಅಕ್ಕನ ಜೊತೆ ಮಾತಾಡತೊಡಗಿದರು.

ಸಂಕ್ರಾಂತಿ ಕಳೆದ ಮೇಲೆ ಮನೆಗೆ ಕರೆತಂದರು. ಉಸಿರು ಸ್ವಂತದ್ದಾಗಿತ್ತು, ಪಿಸುದನಿ ಬಂದಿತ್ತು. ಕುತ್ತಿಗೆಯಿಂದ ಕೆಳಗೆ ಏನೂ ಅಲುಗುತ್ತಿರಲಿಲ್ಲ. ನಡುಮನೆಯಲ್ಲಿ ಮಂಚ ಹಾಕಬೇಕೆಂದು ಯಜಮಾನರು ಜಾಗ ಮಾಡಿದ್ದರು. ಅಕ್ಕ ಒಪ್ಪಲಿಲ್ಲ. "ತೊಲಿ ಎಣಸ್ಕೋತ ಮಲಗಾಕ ನನಗಾಗಂಗಿಲ್ಲ. ಅಂಗಡ್ಯಾಗ ಹಾಕ್ರಿ" ಎಂದರು. ಹೀಗೆ ಮೋಟರುಗಳ ನಡುವೆ ಅವರ ಮಂಚ ಬಂತು. ಬಂದ ರೈತರು ಮೊದಲು ಮುಜುಗರಪಟ್ಟರು. ಒಬ್ಬರ ಮೋಟರನ್ನು ಹತ್ತಿರ ತರಿಸಿ ಮೂಸಿ ನೋಡಿ ಅಕ್ಕ ಬೈದ ಮೇಲೆ ಸರಿಹೋಯಿತು.

ದಿನಕ್ಕೆ ನಾಲ್ಕು ಸಲ ಕೈಕಾಲಿನ ಒಂದೊಂದು ಕೀಲನ್ನೂ ಮಡಿಸಿ ಬಿಡಿಸಬೇಕಿತ್ತು, ಇಲ್ಲದಿದ್ದರೆ ಬಿಗಿದುಕೊಳ್ಳುತ್ತವೆ. ಯಜಮಾನರು ಕೈಗೆ ಹತ್ತಿದ ವಾರ್ನಿಷನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಸೋಪಿನಲ್ಲಿ ತೊಳೆದು, ಬಿಸಿಲಿಗೆ ಕೈ ಕಾಯಿಸಿಕೊಂಡು ಬಂದು ಕೂರುತ್ತಿದ್ದರು. ಮೈ ತೊಳೆಸುವುದು, ಬಟ್ಟೆ ಬದಲಿಸುವುದು, ಹಾಸಿಗೆಹುಣ್ಣು ಆಗದಂತೆ ಮಗ್ಗುಲು ಹೊರಳಿಸುವುದು, ಎಲ್ಲವೂ ಅವರೇ. ನಾನು ಮಾಡುತ್ತೇನೆ ಎಂದರೆ, "ನೀವು ಸಾಲಿಗೆ ಹೋಗ್ರಿ" ಎನ್ನುತ್ತಿದ್ದರು. ಜಡೆಯೊಂದು ಮಾತ್ರ ಅವರಿಗೆ ಒಲಿಯಲಿಲ್ಲ. ಓಣಿಯ ಹೆಂಗಸರು ನೋಡಿ ಬಾಯಿಗೆ ಸೆರಗು ಹಿಡಿದರೆ ಅಕ್ಕ, "ನಗಬ್ಯಾಡ್ರಿ. ಮೋಟರಿನಂಗ ಮೂರು ಫೇಸು, ಬರೋಬ್ಬರಿ ಸುತ್ಯಾರ" ಎನ್ನುತ್ತಿದ್ದರು.

ಆ ಮನುಷ್ಯ ಎದೆಗುಂದಿದ್ದನ್ನು ನಾನು ಒಂದೇ ಸಲ ನೋಡಿದ್ದು. ಮಂಚ ಅಂಗಡಿಗೆ ಬಂದು ಮೂರು ತಿಂಗಳಾಗಿತ್ತು. ಒಂದು ಬೆರಳೂ ಅಲುಗಿರಲಿಲ್ಲ. ಭಾನುವಾರ ಮಧ್ಯಾಹ್ನ, ಅಕ್ಕ ನಿದ್ದೆಹೋಗಿದ್ದರು. ಯಜಮಾನರು ಹಿತ್ತಲಲ್ಲಿ ಒಂದು ಖಾಲಿ ಮೋಟರನ್ನು ತೊಡೆಯ ಮೇಲಿಟ್ಟುಕೊಂಡು ಏನೂ ಮಾಡದೆ ಕೂತಿದ್ದರು. ನನ್ನನ್ನು ಕಂಡು, "ಟೀಚರ್, ಇದಾದ್ರ ಬಿಚ್ಚಿ ನೋಡಬಹುದು" ಎಂದರು. ಅಷ್ಟೇ.

ಅದೇ ಬೇಸಿಗೆಯಲ್ಲಿ ಹಡಗಲಿಯಿಂದ ಯಜಮಾನರ ಅಣ್ಣ ಬಂದರು. ಕೆಟ್ಟ ಮನುಷ್ಯರಲ್ಲ. ಬರುವಾಗ ಹಣ್ಣು, ಶೇಂಗಾ ತಂದಿದ್ದರು, ಅಕ್ಕನ ತಲೆ ಸವರಿ ಕಣ್ಣೀರು ಹಾಕಿದ್ದರು. ಊಟವಾದ ಮೇಲೆ ತಮ್ಮನನ್ನು ಅಂಗಡಿಯ ಕಟ್ಟೆಗೆ ಕರೆದು ದನಿ ತಗ್ಗಿಸಿ ಮಾತಾಡಿದರು. ನಾನು ಒಳಗೆ ಅಕ್ಕನಿಗೆ ಮಜ್ಜಿಗೆ ಕುಡಿಸುತ್ತಿದ್ದೆ. ಕಿಟಕಿ ತೆರೆದಿತ್ತು.

"ಇಕಿನ್ನ ತವರುಮನ್ಯಾಗ ಬಿಡು. ನೋಡ್ಕಂತಾರ. ಖರ್ಚು ನಾವೂ ಕೊಡೂಣು. ನಿನಗ ಇನ್ನೂ ನಲವತ್ತಾಗಿಲ್ಲ. ಮಕ್ಕಳಿಲ್ಲ, ಮರಿಯಿಲ್ಲ. ಇನ್ನೊಂದು ನೋಡಿದ್ರ ಊರಾಗ ಯಾರೂ ತಪ್ಪು ಅನ್ನಂಗಿಲ್ಲ."

ಯಜಮಾನರು ಏನೂ ಹೇಳಲಿಲ್ಲ. ಆ ಮೌನ ಬಹಳ ಉದ್ದವಾಯಿತು. ಅಕ್ಕ ಕುಡಿಯುವುದನ್ನು ನಿಲ್ಲಿಸಿದರು. ಅಕ್ಕ ಇದ್ದ ಪಿಸುದನಿಯನ್ನೆಲ್ಲ ಒಟ್ಟುಮಾಡಿ ಕಿಟಕಿಯ ಕಡೆಗೆ ಹೇಳಿದರು:

"ಭಾವಾರ, ನನ್ನ ಕೈಕಾಲು ಅಷ್ಟ ಹೋಗ್ಯಾವ್ರಿ. ಕಿವಿ ಅದಾವ."

ಆಮೇಲೆ ಯಜಮಾನರ ದನಿ: "ಅಣ್ಣ, ನಾನು ಹೇಳಾಕ ಮಾತು ಹುಡುಕಾಕತ್ತಿದ್ದೆ. ಇಕಿನ ಹೇಳಿದ್ಲು. ಬಸ್ಸಿನ ಹೊತ್ತಾತು, ಬಾ, ಸ್ಟ್ಯಾಂಡಿಗೆ ಬಿಡ್ತೀನಿ."

ಅವರು ಹೋದ ಮೇಲೆ ಅಕ್ಕ ಸುಮ್ಮನೆ ಮೇಲೆ ನೋಡುತ್ತಿದ್ದರು. ಅಳುತ್ತಾರೆಂದು ನಾನು ಕಾದೆ. "ಟೀಚರ್, ಖರೇ ಹೇಳ್ತೀನಿ" ಎಂದರು. "ಇವರು ಸುಮ್ನಿದ್ರಲ್ಲ, ಆಗ ನನಗ ಸಿಟ್ಟು ಬರಲಿಲ್ಲ. ಇವರು ಏನ ಹೇಳ್ತಾರೋ ಅಂತ ತಿಳಕೊಳ್ಳೂ ಆಸಿ ಆತು. ಹದಿಮೂರು ವರ್ಷ ಬಾಳ್ವಿ ಮಾಡೀನಿ, ನನಗ ಗೊತ್ತಿರಲಿಲ್ಲ ನೋಡ್ರಿ."

ಅಕ್ಕನಿಗೆ ಒಂದು ಪದ್ಧತಿ ಇತ್ತು. ದಿನಾ ಮುಂಜಾನೆ ಎಚ್ಚರವಾದ ಕೂಡಲೇ ಎಡಗಾಲಿನ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳಿಗೆ, ಕೀಲಿಗೆ, 'ಏಳು' ಎಂದು ಮನಸ್ಸಿನಲ್ಲೇ ಹೇಳುವುದು. ಎಲ್ಲ ಮುಗಿಯಲು ಒಂದು ತಾಸು ಬೇಕಾಗುತ್ತಿತ್ತು. "ಹಾಜರಿ ಹಾಕ್ತೀನ್ರಿ ಟೀಚರ್. ಎಲ್ಲಾರೂ ಚಕ್ಕರ್" ಎನ್ನುತ್ತಿದ್ದರು.

ಶಾಲೆ ಮತ್ತೆ ಶುರುವಾಗಿ ಒಂದು ವಾರವಾಗಿತ್ತು. ಸಂಜೆ ಬಂದವಳನ್ನು ಚಪ್ಪಲಿ ಬಿಡುವ ಮೊದಲೇ ಕರೆದರು. "ಬಲಗೈ ಹೆಬ್ಬಟ್ಟು ನೋಡ್ರಿ. ಕಣ್ಣು ತಗೀಬ್ಯಾಡ್ರಿ." ನೋಡಿದೆ. ಏನೂ ಆಗಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿತು. ಮತ್ತೆ ನೋಡಿದೆ. ಹೆಬ್ಬೆರಳು ಹಾಸಿಗೆಯ ಮೇಲೆ ಅಕ್ಕಿಕಾಳಿನಷ್ಟು ದೂರ ಸರಿಯಿತು. ನಾನು ಕೂಗಿದೆ. ಯಜಮಾನರು ಕೈಯಲ್ಲಿದ್ದ ಸುತ್ತಿಗೆಯೊಂದಿಗೇ ಓಡಿ ಬಂದರು. ಅಕ್ಕ ಅವರಿಗೂ ತೋರಿಸಲು ನೋಡಿದರು, ಆಗಲಿಲ್ಲ. ಶಕ್ತಿ ಮುಗಿದಿತ್ತು. ಯಜಮಾನರು ಹಾಸಿಗೆಯ ಪಕ್ಕ ಮಂಡಿಯೂರಿ ಕೂತು ಕತ್ತಲಾಗುವವರೆಗೂ ಆ ಬೆರಳನ್ನೇ ನೋಡಿದರು. ಅಂಗಡಿಯ ಮುಂದೆ ಮೋಟರ್ ತಂದವರೊಬ್ಬರು ಕರೆದು ಕರೆದು ಹೋದರು.

ಆ ವಾರವೇ ನಾನು ಹತ್ತನೆಯ ತರಗತಿಗೆ ನರಮಂಡಲದ ಪಾಠ ಮಾಡಬೇಕಿತ್ತು. ಅಕ್ಕ ಪುಸ್ತಕ ತರಿಸಿಕೊಂಡರು. ನಾನು ಹಾಳೆ ಹಿಡಿದೆ, ಅವರು ನರಕೋಶದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಾಲದ ಹಾಗಿರುವ ಉದ್ದನೆಯ ಭಾಗ, ಅದರ ಮೇಲೆ ತುಂಡುತುಂಡಾದ ಕವಚ. "ಇದರಾಗ ನನ್ನ ಬ್ಯಾನಿ ಎಲ್ಲೈತಿ?" ಎಂದರು. ಕವಚವನ್ನು ತೋರಿಸಿದೆ. "ಇಷ್ಟ ಏನ್ರಿ? ಇದು ಹೋದದ್ದಕ್ಕ ಇಷ್ಟೆಲ್ಲಾ?" ವರ್ಷಗಟ್ಟಲೆ ಬೋರ್ಡಿನ ಮೇಲೆ ಆ ಚಿತ್ರ ಬಿಡಿಸಿ, ಭಾಗ ಗುರುತಿಸಿ, ಅಂಕ ಕೊಟ್ಟವಳು ನಾನು. ಅದು ಯಾರದೋ ಮೈಯೊಳಗೆ ಇರುವ ವಸ್ತು ಎಂದು ನನಗೆ ಹೊಳೆದದ್ದು ಅಂಗಡಿಯ ಆ ಮಂಚದ ಪಕ್ಕದಲ್ಲಿ. ಆಮೇಲಿನ ನನ್ನ ಇಪ್ಪತ್ತು ವರ್ಷದ ಪಾಠವೇ ಬದಲಾಯಿತು.

ಮುಂದಿನ ಕಥೆ ನಿಧಾನದ್ದು. ಹೆಬ್ಬೆರಳಾದ ಮೇಲೆ ಉಳಿದ ಬೆರಳುಗಳು, ಮಣಿಕಟ್ಟು, ಮೊಣಕೈ. ಯಜಮಾನರು ಛಾವಣಿಯ ತೊಲೆಗೆ ರಾಟೆ ಕಟ್ಟಿ, ಮೋಟರಿನ ಹಳೆಯ ಬೆಲ್ಟು ಇಳಿಬಿಟ್ಟು, ಅದನ್ನು ಹಿಡಿದು ಏಳುವ ವ್ಯವಸ್ಥೆ ಮಾಡಿದರು. ಹಿತ್ತಲಲ್ಲಿ ಎರಡು ಸಾಲು ಕಬ್ಬಿಣದ ಪೈಪು ನೆಟ್ಟು, ನಡುವೆ ನಡೆಯುವ ದಾರಿ ಮಾಡಿದರು. ಮೊದಲ ಸಲ ಕೂರಿಸಿದಾಗ ಅಕ್ಕನ ತಲೆ ಹಸುಗೂಸಿನ ತಲೆಯ ಹಾಗೆ ಹಿಂದಕ್ಕೆ ಬಿತ್ತು. ನಿಲ್ಲಿಸಿದಾಗ, "ಅಯ್ಯ, ನೆಲ ಎಷ್ಟ ಕೆಳಗೈತಿ!" ಎಂದರು. ಹೀಗೆ ಒಂದೂವರೆ ವರ್ಷ.

ಅವರಿಬ್ಬರ ನಡುವೆ ದೊಡ್ಡ ಜಗಳವಾದದ್ದು ಆ ಪೈಪುಗಳ ನಡುವೆಯೇ. ಯಜಮಾನರು ಅಕ್ಕನ ಸೊಂಟಕ್ಕೆ ಕಟ್ಟಿದ ಬೆಲ್ಟನ್ನು ಒಂದು ದಿನವೂ ಕೈಬಿಡುತ್ತಿರಲಿಲ್ಲ. ಒಮ್ಮೆ ಅಕ್ಕ ಅವರಿಗೆ ತಿಳಿಯದಂತೆ ಒಬ್ಬರೇ ಎದ್ದು, ಬಿದ್ದು, ಹಣೆ ಒಡೆದುಕೊಂಡರು. ಯಜಮಾನರು ಆ ಮನೆಯಲ್ಲಿ ಮೊದಲ ಬಾರಿಗೆ ಕೂಗಾಡಿದರು.

"ನಿನಗ ಏನರ ಆದ್ರ ನಾ ಏನ ಮಾಡ್ಲಿ? ಯಾಕಲೇ ಇಷ್ಟು ಅವಸರ?"

"ಅವಸರ ಅಲ್ರಿ. ನೀವು ಹಿಡದ್ರ ನನ್ನ ಕಾಲು ಭಾರ ಎಲ್ಲಾ ನಿಮ್ಮ ಕೈಮ್ಯಾಲ ಹಾಕ್ತಾವ. ಕಳ್ಳ ಅದಾವ ಅವು. ಕೈ ಬಿಡ್ರಿ."

"ಬಿಡಂಗಿಲ್ಲ."

"ಹಂಗಾದ್ರ ನಡ್ಯಂಗಿಲ್ಲ."

ಎರಡು ದಿನ ಮಾತಿಲ್ಲ. ನನ್ನ ಮೂಲಕವೇ 'ಉಪ್ಪು ಕೇಳ್ರಿ', 'ಗುಳಿಗಿ ಕೊಡ್ರಿ'. ಮೂರನೆಯ ಸಂಜೆ ಯಜಮಾನರು ಹಿತ್ತಲಿಗೆ ಬಂದು, ಅಕ್ಕನನ್ನು ಪೈಪಿನ ತುದಿಯಲ್ಲಿ ನಿಲ್ಲಿಸಿ, ಬೆಲ್ಟು ಬಿಚ್ಚಿದರು. ಹತ್ತು ಹೆಜ್ಜೆ ದೂರ ಹೋಗಿ ಗೋಡೆಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತರು. ನೋಡುವ ಧೈರ್ಯ ಇರಲಿಲ್ಲ. ಅಕ್ಕ ಪೈಪಿನಿಂದ ಕೈ ತೆಗೆದರು. ಒಂದು ಹೆಜ್ಜೆ. ನಿಂತರು. ಇನ್ನೊಂದು. ಪಾದವನ್ನು ಎತ್ತಲಾಗದೆ ಎಳೆದು ಇಡುವ ಸದ್ದು ಮಾತ್ರ ಕೇಳುತ್ತಿತ್ತು. ಸದ್ದು ನಿಂತಾಗ ಯಜಮಾನರು ಗೋಡೆಗೇ ಕೇಳಿದರು:

"ಟೀಚರ್, ಬಿದ್ಲೇನ್ರಿ?"

"ಇಲ್ರಿ" ಎಂದೆ.

ಮತ್ತೆ ಎಳೆಯುವ ಸದ್ದು. ನಿಂತಿತು. "ಬಿದ್ಲಾ?" ಉತ್ತರ ಅವರ ಬೆನ್ನ ಹಿಂದಿನಿಂದಲೇ ಬಂತು: "ಇನ್ನೂ ಇಲ್ಲ. ತಿರುಗ್ರಿ, ನಿಮ್ಮ ಹೆಗಲು ಬೇಕು." ಯಜಮಾನರು ತಿರುಗಿದಾಗ ಅಕ್ಕ ಒಂದು ಮೊಳ ದೂರದಲ್ಲಿದ್ದರು.

ಅದಾದ ಮೇಲೆ ಊರುಗೋಲು, ಆಮೇಲೆ ಒಂದೇ ಕೋಲು, ಆಮೇಲೆ ಅದೂ ಬೇಡವಾಯಿತು. ಕೈಗಳು ಮತ್ತೆ ಸುರುಳಿ ಸುತ್ತಿದವು, ಮೊದಲಿನ ವೇಗ ಇಲ್ಲದಿದ್ದರೂ. ಒಂದು ಮಾತ್ರ ಬರಲಿಲ್ಲ. ಎರಡೂ ಅಂಗಾಲುಗಳಿಗೆ ಸ್ಪರ್ಶವೇ ಇರಲಿಲ್ಲ. ಬಿಸಿಬೂದಿಯ ಮೇಲೆ ನಿಂತರೂ ತಿಳಿಯುತ್ತಿರಲಿಲ್ಲ. ಒಮ್ಮೆ ಮೊಳೆ ಹೊಕ್ಕು ಕೀವಾಗಿ ವಾಸನೆ ಬಂದ ಮೇಲೆಯೇ ಗೊತ್ತಾದದ್ದು. ಆಮೇಲೆ ಯಜಮಾನರು ದಿನಾ ಸಂಜೆ ಅಂಗಡಿ ಮುಚ್ಚಿ ಕಟ್ಟೆಯ ಮೇಲೆ ಕೂತು, ಹೆಂಡತಿಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷಿಸತೊಡಗಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗಂಡ ಹೆಂಡತಿಯ ಕಾಲು ಹಿಡಿದಿದ್ದಾನೆ ಎಂದು ಮಾತಾಯಿತು. ಅಕ್ಕ ನಾಚಿಕೊಂಡು ಒಳಗೆ ಕೂರೋಣ ಎಂದರು. ಯಜಮಾನರು, "ಒಳಗ ಬೆಳಕಿಲ್ಲ" ಎಂದರು. ಅವರಿಗೆ ಅದರಲ್ಲಿ ಬೇರೆ ಯಾವ ಅರ್ಥವೂ ಇರಲಿಲ್ಲ.

ದೊಡ್ಡ ಡಾಕ್ಟರು ಇಷ್ಟು ವರ್ಷವಾದ ಮೇಲೆ ಅಂಗಾಲಿಗೆ ಸ್ಪರ್ಶ ಬರುವುದು ಕಷ್ಟ, ಇಷ್ಟಾದದ್ದೇ ದೊಡ್ಡದು ಎಂದರು. ಅಕ್ಕ ಕೇಳಿಸಿಕೊಂಡರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ನನಗೆ ಅಷ್ಟರಲ್ಲಿ ವರ್ಗವಾಯಿತು. ಟ್ರಂಕು ಕಟ್ಟುವಾಗ ಅಕ್ಕ ಬಂದು, "ಬಳ್ಳಿ ಪ್ರಶ್ನಿಗಿ ಉತ್ತರ ಸಿಕ್ರ ಕಾಗದ ಬರೀರಿ" ಎಂದರು. ಸಿಕ್ಕಿತು, ಬರೆದೆ. ಅದಕ್ಕೆ ಬಂದ ಮರುಕಾಗದದಲ್ಲಿ ಬೇರೆ ಮೂರು ಪ್ರಶ್ನೆಗಳಿದ್ದವು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿರಬೇಕು. ಬೇಸಿಗೆ ರಜೆಯಲ್ಲಿ ಅವರನ್ನು ನೋಡಲು ಹೋದೆ. ಅಕ್ಕನ ತಂಗಿಯ ಮನೆಯಲ್ಲಿ ಹೊಸ ಎಮ್ಮೆ ಕರು ಹಾಕಿದೆ, ಗಿಣ್ಣ ತಿನ್ನಲು ಹೋಗೋಣ ಎಂದು ಇಬ್ಬರೂ ನನ್ನನ್ನು ಹಂಪಸಾಗರಕ್ಕೆ ಕರೆದೊಯ್ದರು. ಸಂಜೆ ತಂಪಾದ ಮೇಲೆ ಮೂವರೂ ಹೊಲದ ಕಾಲುದಾರಿಯಲ್ಲಿ ಹೊಳೆಯ ಕಡೆ ನಡೆದೆವು. ಅಕ್ಕನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಯಜಮಾನರು ತಮ್ಮ ಚಪ್ಪಲಿ ಬಿಟ್ಟುಕೊಟ್ಟರು. ದೊಡ್ಡದಾಯಿತೆಂದು ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ನಡೆದರು. ಯಜಮಾನರು ದಾರಿಯನ್ನೇ ನೋಡಿಕೊಂಡು ಮುಂದೆ ಮುಂದೆ ಹೋಗಿ ಕಡ್ಡಿಕಲ್ಲು ಸರಿಸುತ್ತಿದ್ದರು.

"ಆಽ!" ಎಂದು ಹಿಂದಿನಿಂದ ಕೂಗು ಬಂತು.

ತಿರುಗಿದೆವು. ಅಕ್ಕ ಒಂದು ಕಾಲು ಎತ್ತಿ ನಿಂತಿದ್ದರು. ಮುಖದಲ್ಲಿ ನೋವಿಗಿಂತ ಹೆಚ್ಚು ಆಶ್ಚರ್ಯ. ಹಾಗೇ ದಾರಿಯ ನಡುವೆ ಕುಸಿದು ಕೂತರು. ಎಡಗಾಲಿನ ಹಿಮ್ಮಡಿಯ ಹತ್ತಿರ ಜಾಲಿಮುಳ್ಳು ಅರ್ಧ ಇಳಿದಿತ್ತು.

"ಚುಚ್ಚೇತಿ" ಎಂದರು. ಆಮೇಲೆ ಗಂಡನ ಮುಖ ನೋಡಿ ಮತ್ತೆ ಹೇಳಿದರು, "ರೀ, ಚುಚ್ಚೇತ್ರಿ. ನನಗ ಗೊತ್ತಾತು."

ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಲೂ ಇದ್ದರು. ಯಜಮಾನರು ಓಡಿ ಬಂದು ಅವರ ಮುಂದೆ ಕೂತು, ಜೇಬಿನಿಂದ ಪಿನ್ನು ತೆಗೆದು ಪಾದಕ್ಕೆ ಕೈ ಹಾಕಿದರು. ಅಕ್ಕ ಆ ಕೈಯನ್ನು ಹಿಡಿದು ತಡೆದರು.

"ತಡೀರಿ. ಈಗ ತಗೀಬ್ಯಾಡ್ರಿ. ಹೆಂಗ ನೋಯ್ತೈತಿ ಅಂತ ನೋಡೂಣು."

ಕಣ್ಣು ಮುಚ್ಚಿದರು. ಮುಳ್ಳು ಎಲ್ಲಿದೆ, ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗಮನವಿಟ್ಟು ಕೇಳುತ್ತಿರುವವರ ಹಾಗೆ ಅವರ ಮುಖ ಸ್ತಬ್ಧವಾಯಿತು. ಯಜಮಾನರು ಪಿನ್ನು ಕೈಯಲ್ಲಿ ಹಿಡಿದುಕೊಂಡೇ, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕ ಸಾಕು ಎನ್ನುವವರೆಗೂ ದಾರಿಯ ದೂಳಿನಲ್ಲಿ ಕಾದು ಕೂತರು.